ಮೂಲ ಟೇಪಿನ ಮಾತು: ಮೊಬೈಲ್ ಫಿಡೆಲಿಟಿ ಪ್ರಕರಣ ಮತ್ತು ಜಾಝ್ ತಟ್ಟೆಗಳ ಸಂಗ್ರಹ

2022ರ ಜುಲೈ 14ರಂದು, ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ‘ದಿ ಇನ್ ಗ್ರೂವ್’ ಎಂಬ ರೆಕಾರ್ಡ್ ಅಂಗಡಿ ನಡೆಸುವ ಮೈಕ್ ಎಸ್ಪೊಸಿಟೊ ಯೂಟ್ಯೂಬಿನಲ್ಲಿ ಒಂದು ವಿಡಿಯೊ ಹಾಕಿದರು. ಅದರಲ್ಲಿ ಅವರು ಹೇಳಿದ್ದರ ತಿರುಳು ಇಷ್ಟೇ: ಮೊಬೈಲ್ ಫಿಡೆಲಿಟಿ ಸೌಂಡ್ ಲ್ಯಾಬ್ ಎಂಬ ಕಂಪನಿ ಹೊರತರುತ್ತಿರುವ ದುಬಾರಿ ವಿನೈಲ್ ತಟ್ಟೆಗಳು, ಅಂದರೆ ಗ್ರಾಮಫೋನ್ ರೆಕಾರ್ಡುಗಳು, ಮೂಲ ಅನಲಾಗ್ ಟೇಪಿನಿಂದ (ಸದ್ದನ್ನು ಅಂಕಿಗಳಾಗಿಸದೆ ಅಲೆಯಾಗಿಯೇ ಹಿಡಿದಿಡುವ ಟೇಪು) ನೇರವಾಗಿ ತಯಾರಾದವಲ್ಲ, ಟೇಪಿಗೂ ತಟ್ಟೆಗೂ ನಡುವೆ ಒಂದು ಡಿಜಿಟಲ್ ಕಡತ ಕುಳಿತಿದೆ ಎಂದು ನಂಬಿಕಸ್ಥ ಮೂಲಗಳಿಂದ ತಮಗೆ ತಿಳಿದಿದೆ. ಸಂಗೀತವನ್ನು ಫೋನಿನಲ್ಲಿ ಕೇಳಿ ಮುಗಿಸುವವರಿಗೆ ಇದರಲ್ಲಿ ಸುದ್ದಿಯಾಗುವಂಥದ್ದು ಏನಿದೆ ಎಂದು ಅನ್ನಿಸಬಹುದು. ಆದರೆ ಎರಡೇ ವಾರಗಳಲ್ಲಿ ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು, ಮರುತಿಂಗಳು ವಿಷಯ ನ್ಯಾಯಾಲಯದ ಮೆಟ್ಟಿಲೇರಿತು, ಮರುವರ್ಷ ಎರಡೂವರೆ ಕೋಟಿ ಡಾಲರ್ ಮೌಲ್ಯದ ರಾಜಿಯೊಂದಿಗೆ ಒಂದು ಹಂತಕ್ಕೆ ಬಂತು.

ಈ ಪ್ರಕರಣವನ್ನು ಇಲ್ಲಿ ಕೊಂಚ ವಿವರವಾಗಿ ನೋಡಲು ಕಾರಣವಿದೆ. ತಟ್ಟೆಗಳನ್ನು, ಅದರಲ್ಲೂ ಜಾಝ್ ತಟ್ಟೆಗಳನ್ನು ಕೂಡಿಡುವವರು ನಿಜವಾಗಿ ಏನನ್ನು ಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರ ಬೇರೆ ಯಾವ ಘಟನೆಯಿಂದಲೂ ಸಿಕ್ಕಿಲ್ಲ. ಅವರು ಕೊಳ್ಳುವುದು ನಾದವನ್ನು ಎಂದು ಮಾರುವವರೂ ಹೇಳುತ್ತಿದ್ದರು, ಕೊಳ್ಳುವವರೂ ನಂಬಿದ್ದರು. ನನ್ನ ಮಟ್ಟಿಗೆ ಈ ಪ್ರಕರಣ ತೋರಿಸಿಕೊಟ್ಟದ್ದು ಬೇರೆಯದನ್ನೇ: ಹಣ ಸಂದಾಯವಾಗುತ್ತಿದ್ದುದು ನಾದದ ವಂಶಾವಳಿಗೆ.

ಮಾರುಕಟ್ಟೆಯ ಸ್ಥಿತಿ

ಮೊದಲು ಸಂತೆಯ ಲೆಕ್ಕ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ 94 ಕೋಟಿಗೂ ಹೆಚ್ಚು ಸಿ.ಡಿ.ಗಳು ಅಂಗಡಿಗಳಿಗೆ ಹೋಗಿದ್ದವು. 2022ರಲ್ಲಿ ಆ ಸಂಖ್ಯೆ 3.34 ಕೋಟಿಗೆ ಇಳಿದಿತ್ತು. ಅದೇ ವರ್ಷ ವಿನೈಲ್ ತಟ್ಟೆಗಳು 4.13 ಕೋಟಿ ಹೋದವು. ಸಂಖ್ಯೆಯಲ್ಲಿ ವಿನೈಲ್ ಸಿ.ಡಿ.ಯನ್ನು ಹಿಂದಿಕ್ಕಿದ್ದು 1987ರ ನಂತರ ಅದೇ ಮೊದಲು. 2023ರಲ್ಲಿ ವಿನೈಲ್ 4.32 ಕೋಟಿ ತಟ್ಟೆಗಳಿಗೂ ಸುಮಾರು 140 ಕೋಟಿ ಡಾಲರ್ ಆದಾಯಕ್ಕೂ ಏರಿತು. ಪತ್ರಿಕೆಗಳು ಇದನ್ನು ‘ವಿನೈಲಿನ ಪುನರ್ಜನ್ಮ’ ಎಂದು ಬರೆದದ್ದೇ ಬರೆದದ್ದು. ಆದರೆ 1970ರ ದಶಕದ ಕೊನೆಯಲ್ಲಿ ಅದೇ ದೇಶದಲ್ಲಿ ವರ್ಷಕ್ಕೆ 30 ಕೋಟಿ ಎಲ್‌.ಪಿ.ಗಳು ಮಾರಾಟವಾಗುತ್ತಿದ್ದವು ಎಂಬುದನ್ನೂ, 2022ರಲ್ಲಿ ಧ್ವನಿಮುದ್ರಿತ ಸಂಗೀತದ ಆದಾಯದಲ್ಲಿ ನೂರಕ್ಕೆ 84 ಭಾಗ ಸ್ಟ್ರೀಮಿಂಗಿನಿಂದ ಬಂತು ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಮತ್ತೆ ಹುಟ್ಟಿದ್ದು ಹಳೆಯ ಸಗಟು ವ್ಯಾಪಾರವಲ್ಲ, ಕಡಿಮೆ ಜನರಿಗೆ ಹೆಚ್ಚು ಬೆಲೆಗೆ ಮಾರುವ ಬೇರೊಂದು ವ್ಯಾಪಾರ ಎಂಬುದು ತಿಳಿಯುತ್ತದೆ. ಲ್ಯುಮಿನೇಟ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಹಿಂದಿನ 12 ತಿಂಗಳಲ್ಲಿ ವಿನೈಲ್ ಕೊಂಡವರಲ್ಲಿ ಅರ್ಧದಷ್ಟು ಜನರ ಬಳಿ ಮಾತ್ರ ತಟ್ಟೆ ನುಡಿಸುವ ಯಂತ್ರವಿತ್ತು.

ಈ ಹೊಸ ವ್ಯಾಪಾರದಲ್ಲಿ ಜಾಝಿನ ಸ್ಥಾನ ವಿಚಿತ್ರವಾದದ್ದು. ಒಟ್ಟು ಸಂಗೀತದ ಬಳಕೆಯಲ್ಲಿ ಅದರ ಪಾಲು ನೂರಕ್ಕೆ ಒಂದರ ಆಸುಪಾಸು. ಆದರೂ ದುಬಾರಿ ಮರುಮುದ್ರಣಗಳ ಪಟ್ಟಿ ತೆಗೆದು ನೋಡಿದರೆ ಎದ್ದು ಕಾಣುವುದು 1955ರಿಂದ 1967ರೊಳಗೆ ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯಲ್ಲಿ ಮುದ್ರಣಗೊಂಡ ಜಾಝ್. ಕಾರಣ ಸಂಗೀತದ ಸ್ವಭಾವದಲ್ಲೇ ಇದೆ. ಆ ಕಾಲದ ಜಾಝ್ ಮುದ್ರಣ ಎಂದರೆ ಐದಾರು ಜನ ಒಂದು ಕೋಣೆಯಲ್ಲಿ ಕೂಡಿ ಒಮ್ಮೆ ನುಡಿಸಿದ್ದು; ತುಂಡು ತುಂಡಾಗಿ ಮುದ್ರಿಸಿ ಆಮೇಲೆ ಹೊಲಿದದ್ದಲ್ಲ. 1961ರ ಜೂನ್ 25ರ ಭಾನುವಾರ ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ತ್ರಯ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಝ್ ಕ್ಲಬ್ಬಿನಲ್ಲಿ ಮಧ್ಯಾಹ್ನದಿಂದ ರಾತ್ರಿವರೆಗೆ ಐದು ಸರದಿ ನುಡಿಸಿತು. ಹನ್ನೊಂದು ದಿನಗಳ ನಂತರ ಬಾಸ್ ವಾದಕ ಸ್ಕಾಟ್ ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಮೂವರು ಆ ಮಟ್ಟದಲ್ಲಿ ಕೂಡಿ ನುಡಿಸಿದ್ದಕ್ಕೆ, ಹಿನ್ನೆಲೆಯಲ್ಲಿ ಗ್ಲಾಸುಗಳ ಕಿಣಿಕಿಣಿಯನ್ನೂ ಗಿರಾಕಿಗಳ ಮಾತನ್ನೂ ಹಿಡಿದಿಟ್ಟುಕೊಂಡಿರುವ ಆ ಟೇಪೇ ಮುಖ್ಯ ಸಾಕ್ಷಿ. ಹೀಗಿರುವಾಗ ಟೇಪಿಗೆ ಹತ್ತಿರವಾಗುವುದೇ ಘಟನೆಗೆ ಹತ್ತಿರವಾಗುವುದು ಎಂಬ ಭಾವನೆ ಸಂಗ್ರಾಹಕನಲ್ಲಿ ಬೇರೂರುವುದು ಸಹಜ.

ಆ ಭಾವನೆ ಎಷ್ಟು ಸೂಕ್ಷ್ಮಕ್ಕೆ ಹೋಗುತ್ತದೆ ಎಂಬುದಕ್ಕೆ ಬ್ಲೂ ನೋಟ್ ಎಂಬ ಜಾಝ್ ರೆಕಾರ್ಡ್ ಕಂಪನಿಯ ಹಳೆಯ ತಟ್ಟೆಯೊಂದನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಬೇಕು. ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಉಳಿಯುವ ಹೊಳೆಯುವ ಕಪ್ಪು ಪಟ್ಟಿಯಲ್ಲಿ ಗೀಚಿದ ಸಂಖ್ಯೆಗಳಿರುತ್ತವೆ. ಅದರ ಪಕ್ಕದಲ್ಲಿ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಹೆಸರಿನ ಮೂರು ಮೊದಲಕ್ಷರ, ಅದರಾಚೆಗೆ ಕಿವಿಯ ಆಕಾರದ ಒಂದು ಸಣ್ಣ ಗುರುತು. ಅದು ಇಂಗ್ಲಿಷಿನ ‘ಪಿ’ ಅಕ್ಷರವನ್ನು ಕೈಯಲ್ಲಿ ಬರೆದದ್ದು. ತಟ್ಟೆ ನ್ಯೂಜೆರ್ಸಿಯ ಪ್ಲಾಸ್ಟಿಲೈಟ್ ಕಾರ್ಖಾನೆಯಲ್ಲಿ ಒತ್ತಲ್ಪಟ್ಟಿತು ಎಂಬುದರ ಸಂಕೇತ. ಬ್ಲೂ ನೋಟ್ ಲಿಬರ್ಟಿ ಕಂಪನಿಯ ಪಾಲಾದ ಮೇಲೆ ಒತ್ತಿದ ಪ್ರತಿಗಳಲ್ಲಿ ಆ ಕಿವಿ ಇಲ್ಲ. ಲೇಬಲ್ಲಿನ ಮೇಲೆ ಅಚ್ಚಾದ ಕಂಪನಿಯ ಬೀದಿ ವಿಳಾಸ, ಅಂಚಿನ ದಪ್ಪ, ಲೇಬಲ್ಲಿನೊಳಗೆ ಒತ್ತಿಕೊಂಡ ವೃತ್ತಾಕಾರದ ಗೀರು, ಇವೆಲ್ಲವನ್ನೂ ತಾಳೆ ಹಾಕಿ ಬೆಲೆ ಕಟ್ಟುತ್ತಾರೆ. ಅಪರೂಪದ ಮೊದಲ ಮುದ್ರಣಗಳು ಸಾವಿರಾರು ಡಾಲರಿಗೆ ಹೋಗುತ್ತವೆ. ನಮ್ಮಲ್ಲಿ ಗ್ರಂಥಸಂಪಾದನೆ ಮಾಡುವವರು ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಯಾವ ಪ್ರತಿ ಯಾವ ಪ್ರತಿಯಿಂದ ಇಳಿದದ್ದು ಎಂದು ಹುಡುಕುವ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಸಂಪಾದಕನಿಗೆ ಕವಿಯ ಪಾಠ ಬೇಕು, ಇವನಿಗೆ ಕೋಣೆಯ ಸದ್ದು ಬೇಕು, ಅಷ್ಟೇ.

ಕಂಪನಿ ಮಾರುತ್ತಿದ್ದುದು

ಮೊದಲ ಮುದ್ರಣ ಕೈಗೆಟುಕದವರಿಗಾಗಿ ಹುಟ್ಟಿಕೊಂಡದ್ದೇ ಆಡಿಯೊಫೈಲ್ ಮರುಮುದ್ರಣಗಳ, ಅಂದರೆ ಸದ್ದಿನ ಗುಣಮಟ್ಟಕ್ಕೆ ಜೀವ ಬಿಡುವವರಿಗೆಂದೇ ತರುವ ಮರುಮುದ್ರಣಗಳ ವ್ಯಾಪಾರ. ಮೊಬೈಲ್ ಫಿಡೆಲಿಟಿ ಅದರಲ್ಲಿ ಹಳಬ. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ, 1999ರಲ್ಲಿ ದಿವಾಳಿಯಾಗಿ, ಶಿಕಾಗೋದ ಮ್ಯೂಸಿಕ್ ಡೈರೆಕ್ಟ್ ಕಂಪನಿಯ ಜಿಮ್ ಡೇವಿಸ್ ಕೊಂಡ ಮೇಲೆ ಮತ್ತೆ ಚೇತರಿಸಿಕೊಂಡ ಸಂಸ್ಥೆ ಇದು. ಅದರ ಹೊದಿಕೆಗಳ ನೆತ್ತಿಯ ಮೇಲೆ ಅಡ್ಡಲಾಗಿ ‘ಒರಿಜಿನಲ್ ಮಾಸ್ಟರ್ ರೆಕಾರ್ಡಿಂಗ್’ ಎಂಬ ಪಟ್ಟಿ ಇರುತ್ತದೆ. ಅಂಗಡಿಯ ಸಾಲಿನಲ್ಲಿ ತಟ್ಟೆಗಳನ್ನು ಮಗುಚುತ್ತಾ ಹೋಗುವಾಗ ಬೆರಳು ನಿಲ್ಲುವುದು ಆ ಪಟ್ಟಿಯ ಬಳಿ.

2016ರಲ್ಲಿ ಕಂಪನಿ ‘ಒನ್-ಸ್ಟೆಪ್’ ಎಂಬ ಇನ್ನೂ ದುಬಾರಿ ಮಾಲಿಕೆ ತಂದಿತು. ಬೆಲೆ ಸುಮಾರು 125 ಡಾಲರ್. ಬಿಲ್ ಇವಾನ್ಸ್, ಚಾರ್ಲ್ಸ್ ಮಿಂಗಸ್ ಮುಂತಾದವರ ಜಾಝ್ ಇದರಲ್ಲಿ ಬಂದು ಬೇಗನೆ ಖಾಲಿಯಾಯಿತು. ಹೆಸರು ಎಲ್ಲಿಂದ ಬಂತು ಎಂಬುದು ಪ್ರಕರಣಕ್ಕೆ ಮುಖ್ಯವಾದದ್ದರಿಂದ ತಟ್ಟೆ ತಯಾರಾಗುವ ಕ್ರಮವನ್ನು ಹೇಳಲೇಬೇಕು. ಟೇಪನ್ನು ಓಡಿಸುತ್ತಾ, ಅದರ ಸದ್ದಿಗೆ ತಕ್ಕಂತೆ ಅಲುಗುವ ಸೂಜಿಯಿಂದ, ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೀರು ಕೊರೆಯುತ್ತಾರೆ. ಆ ಮೆತ್ತನೆಯ ಲ್ಯಾಕರಿಗೆ ಬೆಳ್ಳಿಯ ಪದರ ಹಾಯಿಸಿ, ನಿಕ್ಕಲ್ ಲೇಪದ ತೊಟ್ಟಿಯಲ್ಲಿ ಮುಳುಗಿಸಿ ಸುಲಿದಾಗ ಗೀರಿನ ಜಾಗದಲ್ಲಿ ಏಣುಗಳಿರುವ ಲೋಹದ ಅಚ್ಚು ಸಿಗುತ್ತದೆ, ಅದು ‘ತಂದೆ’. ತಂದೆಯಿಂದ ‘ತಾಯಿ’, ತಾಯಿಯಿಂದ ಒತ್ತುವ ಅಚ್ಚು, ಅಂದರೆ ಸ್ಟಾಂಪರ್. ಒಬ್ಬ ತಂದೆಯಿಂದ ಹಲವು ತಾಯಿ, ಪ್ರತಿ ತಾಯಿಯಿಂದ ಹಲವು ಸ್ಟಾಂಪರ್ ತೆಗೆಯಬಹುದಾದ್ದರಿಂದ ಒಮ್ಮೆ ಕೊರೆದ ಲ್ಯಾಕರ್ ಸಾವಿರಗಟ್ಟಲೆ ತಟ್ಟೆಗಳಿಗೆ ಸಾಕಾಗುತ್ತದೆ. ಒನ್-ಸ್ಟೆಪ್ ಕ್ರಮದಲ್ಲಿ ನಡುವಿನ ಎರಡು ಪೀಳಿಗೆಗಳಿಲ್ಲ. ಲ್ಯಾಕರಿನಿಂದ ಸುಲಿದ ಮೊದಲ ಅಚ್ಚಿನಿಂದಲೇ ತಟ್ಟೆ ಒತ್ತುತ್ತಾರೆ. ಪ್ರತಿ ಪೀಳಿಗೆಯಲ್ಲೂ ಕಳೆದುಹೋಗುವ ಸೂಕ್ಷ್ಮ ಉಳಿಯುತ್ತದೆ ಎಂಬುದು ಇದರ ಹೆಗ್ಗಳಿಕೆ. ತಟ್ಟೆಯ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಇದನ್ನೆಲ್ಲ ಚಿತ್ರ ಸಮೇತ ವಿವರಿಸಿದ್ದರು. ಆ ಚಿತ್ರದಲ್ಲಿ ಟೇಪು ಇತ್ತು, ಲ್ಯಾಕರ್ ಇತ್ತು, ಅಚ್ಚು ಇತ್ತು. ಡಿಜಿಟಲ್ ಕಡತ ಇರಲಿಲ್ಲ.

ಲೆಕ್ಕ ತಪ್ಪಿದ ಜಾಗ

ಗುಟ್ಟು ರಟ್ಟಾದದ್ದು ಕಿವಿಯಿಂದಲ್ಲ, ಗುಣಾಕಾರದಿಂದ. 2022ರ ಆರಂಭದಲ್ಲಿ ಕಂಪನಿ ಮೈಕಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಅನ್ನು ಒನ್-ಸ್ಟೆಪ್ ಮಾಲಿಕೆಯಲ್ಲಿ 40,000 ಪ್ರತಿ ತರುವುದಾಗಿ ಘೋಷಿಸಿತು. (ಅದು ಜಾಝ್ ಅಲ್ಲ, ಆದರೂ ಅದನ್ನು ನಿರ್ಮಿಸಿದ ಕ್ವಿನ್ಸಿ ಜೋನ್ಸ್ ಜಾಝ್ ವಾದ್ಯವೃಂದಗಳಿಂದ ಬಂದವರು.) ಈ ಕ್ರಮದಲ್ಲಿ ಒಂದು ಅಚ್ಚಿನಿಂದ ಸಾವಿರದ ಆಸುಪಾಸು ತಟ್ಟೆ ಬರುತ್ತದೆ ಎಂದಿಟ್ಟುಕೊಂಡರೂ 40,000 ಪ್ರತಿಗೆ ಪ್ರತಿ ಬದಿಗೂ ನಲವತ್ತು ಲ್ಯಾಕರ್ ಕೊರೆಯಬೇಕು, ಅಂದರೆ ಮೂಲ ಟೇಪನ್ನು ನಲವತ್ತು ಬಾರಿ ಓಡಿಸಬೇಕು. ಓಡಿಸಿದಷ್ಟೂ ಟೇಪು ಸವೆಯುತ್ತದೆ. ಕೋಟ್ಯಂತರ ಪ್ರತಿ ಮಾರಿದ ಆಲ್ಬಮ್ಮಿನ ಮೂಲ ಟೇಪನ್ನು ಹಾಗೆ ಓಡಿಸಲು ಯಾವ ಒಡೆಯ ಒಪ್ಪಿಯಾನು? 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದ ಬೆಂಕಿಯಲ್ಲಿ ಯೂನಿವರ್ಸಲ್ ಸಂಗೀತ ಕಂಪನಿಯ ಮೂಲ ಟೇಪುಗಳು ಸುಟ್ಟುಹೋದ ಮೇಲಂತೂ, ನಷ್ಟದ ಪ್ರಮಾಣದ ಬಗ್ಗೆ ವಾದವಿವಾದ ಏನೇ ಇರಲಿ, ಮೂಲ ಟೇಪೆಂದರೆ ಎಲ್ಲರಿಗೂ ಜೀವಭಯ. ಈ ಸರಳ ಪ್ರಶ್ನೆಯನ್ನು ಕೆಲವು ಹವ್ಯಾಸಿಗಳು ಮೊದಲೇ ಎತ್ತಿದ್ದರು. ಎಸ್ಪೊಸಿಟೊ ಅವರ ವಿಡಿಯೊ ಬಂದದ್ದು ಅದರ ಬೆನ್ನಿಗೆ.

ಮೊದಮೊದಲು ಬೈಗುಳ ತಿಂದವರು ಎಸ್ಪೊಸಿಟೊ ಅವರೇ. ಅಂಗಡಿಯವನೊಬ್ಬ ಗಾಳಿಮಾತು ಹಬ್ಬಿಸುತ್ತಿದ್ದಾನೆ ಎಂದರು. ಆಗ ಕಂಪನಿ ಅವರನ್ನು ಕ್ಯಾಲಿಫೋರ್ನಿಯಾದ ಸೆಬಾಸ್ಟೊಪೋಲ್‌ನಲ್ಲಿರುವ ತನ್ನ ಸ್ಟುಡಿಯೊಗೆ ಕರೆಸಿಕೊಂಡಿತು. ಅಲ್ಲಿ ಕ್ಯಾಮೆರಾದ ಎದುರು ಕೂತ ಎಂಜಿನಿಯರುಗಳು ಯಾವ ಮುಚ್ಚುಮರೆಯೂ ಇಲ್ಲದೆ ಒಪ್ಪಿಕೊಂಡರು: ಹೌದು, ನಾವು ಟೇಪನ್ನು ಡಿ.ಎಸ್.ಡಿ. ಕಡತಕ್ಕೆ ಇಳಿಸಿಕೊಂಡು ಅದರಿಂದ ಲ್ಯಾಕರ್ ಕೊರೆಯುತ್ತೇವೆ. ಡಿ.ಎಸ್.ಡಿ. ಎಂದರೆ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೂಪರ್ ಆಡಿಯೊ ಸಿ.ಡಿ.ಗಾಗಿ ರೂಪಿಸಿದ ಡಿಜಿಟಲ್ ವಿಧಾನ; ಸಾಮಾನ್ಯ ಸಿ.ಡಿ. ಸೆಕೆಂಡಿಗೆ 44,100 ಬಾರಿ ಸದ್ದನ್ನು ಅಳೆದರೆ ಇದು ಮೂಲರೂಪದಲ್ಲೇ ಅದರ 64 ಪಟ್ಟು ಬಾರಿ, ಒಂದೊಂದು ಬಿಟ್ಟಿನಷ್ಟು ಅಳೆಯುತ್ತದೆ. ಕಂಪನಿ ನಂತರದ ವರ್ಷಗಳಲ್ಲಿ 256 ಪಟ್ಟಿನ ರೂಪವನ್ನೂ ಬಳಸುತ್ತಿತ್ತು. ಟೇಪುಗಳು ಉಗ್ರಾಣ ಬಿಟ್ಟು ಕದಲದಿದ್ದಾಗ ಯಂತ್ರಗಳನ್ನೇ ಅಲ್ಲಿಗೆ ಹೊತ್ತೊಯ್ದು ನಕಲು ತೆಗೆದುಕೊಂಡು ಬರುವುದಕ್ಕೂ ಇದು ಅನುಕೂಲವಾಗಿತ್ತು. ಈ ಪದ್ಧತಿ 2011ರಷ್ಟು ಹಿಂದಿನದು ಎಂಬುದು ಆಗಸ್ಟ್ ಮೊದಲ ವಾರದಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಯಿಂದ ಹೊರಬಂತು.

ಆ ಸಂದರ್ಶನದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎಂಜಿನಿಯರುಗಳ ಮುಖದಲ್ಲಿ ತಪ್ಪಿತಸ್ಥನ ಅಳುಕು ಇಲ್ಲದಿರುವುದು. ಅವರ ಪಾಲಿಗೆ ಅದು ಕಸುಬಿನ ಸುಧಾರಣೆ. ಬೆಲೆಬಾಳುವ ಟೇಪನ್ನು ಒಮ್ಮೆ ಜೋಪಾನವಾಗಿ ಓಡಿಸಿ, ಬೇಕಾದಷ್ಟು ಬಾರಿ ಹೊಂದಿಸಿ, ಸರಿಯಾದುದನ್ನು ಕೊರೆಯುವುದು ಯಾವ ಲೆಕ್ಕದಲ್ಲೂ ಕೆಟ್ಟ ಕೆಲಸವಲ್ಲ. ಕೆಟ್ಟದ್ದು ನಡೆದದ್ದು ಸ್ಟುಡಿಯೊದಲ್ಲಲ್ಲ, ಜಾಹೀರಾತು ಬರೆಯುವ ಮೇಜಿನ ಮೇಲೆ.

ಮೋಸವೇ, ಅಲ್ಲವೇ?

ಕಂಪನಿಯ ಪರ ವಹಿಸಿದವರ ವಾದ ಬಲವಾದದ್ದೇ. ಹನ್ನೊಂದು ವರ್ಷ ಈ ತಟ್ಟೆಗಳನ್ನು ಕೇಳಿದವರಲ್ಲಿ, ಡಿಜಿಟಲ್ ಎಂದರೆ ಮೂಗು ಮುರಿಯುವ ಹೆಸರಾಂತ ವಿಮರ್ಶಕರೂ ಸೇರಿದಂತೆ, ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಶುದ್ಧ ಅನಲಾಗಿನ ಮಾದರಿ ಎಂದು ಹೊಗಳಿಸಿಕೊಂಡವುಗಳಲ್ಲಿ ಈ ಕಂಪನಿಯ ತಟ್ಟೆಗಳೂ ಇದ್ದವು. ಜುಲೈ 13ರಂದು ಚೆನ್ನಾಗಿ ನುಡಿಯುತ್ತಿದ್ದ ತಟ್ಟೆ 15ರಂದು ಕೆಟ್ಟುಹೋಗಲು ಸಾಧ್ಯವಿಲ್ಲ. ಹಾಗಿದ್ದ ಮೇಲೆ ನಷ್ಟವಾದದ್ದೇನು?

ಮೂಲದ ಪಾವಿತ್ರ್ಯವೂ ನಾವು ಅಂದುಕೊಂಡಷ್ಟು ನಿಷ್ಕಳಂಕವಲ್ಲ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’ ಇದಕ್ಕೆ ಒಳ್ಳೆಯ ಸಾಕ್ಷಿ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಕೊಲಂಬಿಯಾ ಸ್ಟುಡಿಯೊದಲ್ಲಿ ಅದರ ಮೊದಲ ಮೂರು ರಚನೆಗಳನ್ನು ಮುದ್ರಿಸಿಕೊಂಡ ಯಂತ್ರ ಚೂರು ನಿಧಾನವಾಗಿ ಓಡುತ್ತಿತ್ತು. ಅದನ್ನು ಸರಿಯಾದ ವೇಗದಲ್ಲಿ ನುಡಿಸಿದಾಗ ಸಂಗೀತ ಚೂರು ಬೇಗ, ಶ್ರುತಿ ಚೂರು ಮೇಲೆ. ಮೂರು ದಶಕ ಲೋಕವೆಲ್ಲ ಕೇಳಿದ್ದು ಆ ಏರಿದ ಶ್ರುತಿಯನ್ನೇ. ತಟ್ಟೆಯ ಜೊತೆಗೆ ನುಡಿಸಿ ಅಭ್ಯಾಸ ಮಾಡಿದ ಹುಡುಗರು ವಾದ್ಯದ ಶ್ರುತಿಯನ್ನು ಅದಕ್ಕೆ ಹೊಂದಿಸಬೇಕಿತ್ತು. ಜೊತೆಯಲ್ಲಿ ಓಡುತ್ತಿದ್ದ ಎರಡನೇ ಯಂತ್ರದ ಟೇಪು ಸರಿಯಿತ್ತು, ಅದನ್ನು ಬಳಸಿ ದೋಷ ತಿದ್ದಿದ್ದು 1992ರಲ್ಲಿ. ಈಗ ‘ಮೂಲ’ ಯಾವುದು? ಮೊದಲ ಮುದ್ರಣದ ಕಪ್ಪು ತಟ್ಟೆ ಕೊಂಡವನ ಬಳಿ ಇರುವುದು ತಪ್ಪು ಶ್ರುತಿಯ ಮೂಲ; ತಿದ್ದಿದ ಸಿ.ಡಿ. ಕೊಂಡವನ ಬಳಿ ಇರುವುದು ಸರಿ ಶ್ರುತಿಯ ನಕಲು. ಹಾಗಿದ್ದೂ ಹರಾಜಿನಲ್ಲಿ ಬೆಲೆ ಬರುವುದು ಮೊದಲನೆಯದಕ್ಕೇ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ದೂರು ಕೊಟ್ಟವರ ಪಕ್ಷವೇ ನ್ಯಾಯದ್ದು ಎಂದು ನನ್ನ ಅಭಿಪ್ರಾಯ. ನಾದಕ್ಕೆ ಮಾತ್ರ ಹಣವಾಗಿದ್ದರೆ, ಮುಕ್ಕಾಲು ಪಾಲು ಕಡಿಮೆ ಬೆಲೆಗೆ ಬೇರೆ ತಟ್ಟೆ ಸಿಗುತ್ತಿತ್ತು, ಚಂದಾ ಕಟ್ಟಿದರೆ ಅದೇ ಸಂಗೀತ ಫೋನಿಗೇ ಬರುತ್ತಿತ್ತು. 125 ಡಾಲರ್ ಕೊಡಿಸಿದ್ದು ಹೊದಿಕೆಯ ಮೇಲಿನ ಪಟ್ಟಿ ಮತ್ತು ಒಳಗಿನ ಚಿತ್ರ. ಕೈಮಗ್ಗದ ಸೀರೆ ಎಂದು ಹೇಳಿ ಪವರ್‌ಲೂಮಿನದನ್ನು ಮಾರಿದರೆ, ಉಟ್ಟವಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ ಎಂಬುದು ಸಮಜಾಯಿಷಿ ಆಗುವುದಿಲ್ಲ. ಜೊತೆಗೆ ಇಲ್ಲಿ ಇನ್ನೊಂದು ಮಗ್ಗುಲಿದೆ. ಮಿತವಾದ ಸಂಖ್ಯೆ ಎಂಬ ಮಾತೂ ಟೇಪಿನ ಮಿತಿಯ ಮೇಲೆ ನಿಂತಿತ್ತು. ಟೇಪನ್ನು ಇಷ್ಟೇ ಬಾರಿ ಓಡಿಸಬಹುದಾದ್ದರಿಂದ ಇಷ್ಟೇ ಪ್ರತಿ ಎಂದು ಕೊಂಡವನು ತಿಳಿದಿದ್ದ; ಕಡತಕ್ಕೆ ಅಂಥ ಮಿತಿ ಇಲ್ಲ. ಕೊಂಡು, ಸುತ್ತಿದ ಪ್ಲಾಸ್ಟಿಕ್ ಬಿಚ್ಚದೆ, ಎರಡು ವರ್ಷದ ನಂತರ ಮೂರು ಪಟ್ಟಿಗೆ ಮಾರುವ ಲೆಕ್ಕದಲ್ಲಿದ್ದವರು ಹೆಚ್ಚು ಗದ್ದಲ ಮಾಡಿದ್ದಕ್ಕೆ ಇದೇ ಕಾರಣವಿರಬೇಕು. ಅವರ ಬಗ್ಗೆ ನನಗೆ ಅಷ್ಟಾಗಿ ಮರುಕವಿಲ್ಲ.

ರಾಜಿ ಮತ್ತು ನಂತರ

ಜುಲೈ 27ರಂದು ಜಿಮ್ ಡೇವಿಸ್ ಹೇಳಿಕೆ ಹೊರಡಿಸಿ, ಅಸ್ಪಷ್ಟವಾದ ಭಾಷೆ ಬಳಸಿದ್ದಕ್ಕೂ ತಪ್ಪು ತಿಳಿವಳಿಕೆ ಹರಡಲು ಬಿಟ್ಟಿದ್ದಕ್ಕೂ ಕ್ಷಮೆ ಕೇಳಿದರು. ಗ್ರಾಹಕರ ಪರವಾಗಿ ಹೂಡಿದ ಸಾಮೂಹಿಕ ದಾವೆ 2023ರಲ್ಲಿ ರಾಜಿಗೆ ಬಂತು. 2011ರ ಮಾರ್ಚ್‌ನಿಂದ ಆ ಕ್ಷಮೆಯ ದಿನದವರೆಗೆ ಸಂಬಂಧಪಟ್ಟ ತಟ್ಟೆಗಳನ್ನು ಕೊಂಡವರ ಮುಂದೆ ಆಯ್ಕೆಗಳನ್ನಿಟ್ಟರು: ತಟ್ಟೆ ಹಿಂದಿರುಗಿಸಿ ಪೂರ್ತಿ ಹಣ ಪಡೆಯಬಹುದು, ತಟ್ಟೆಯನ್ನು ಇಟ್ಟುಕೊಂಡು ಬೆಲೆಯ ಶೇಕಡಾ 5ರಷ್ಟು ನಗದು, ಇಲ್ಲವೇ ಶೇಕಡಾ 10ರಷ್ಟು ಮುಂದಿನ ಖರೀದಿಗೆ ಕೂಪನ್ ತೆಗೆದುಕೊಳ್ಳಬಹುದು. ಆ ಮೂರು ಸಾಲು ಓದಿದಾಗ, ಕಪಾಟಿನ ಮುಂದೆ ನಿಂತು ಬಿಲ್ ಇವಾನ್ಸ್ ತಟ್ಟೆಯನ್ನು ಅರ್ಧ ಹೊರಗೆಳೆದು ಯೋಚಿಸುತ್ತಿರುವ ಒಬ್ಬ ಮನುಷ್ಯ ನನ್ನ ಕಣ್ಣ ಮುಂದೆ ಬಂದ. ನಾದ ಮುಖ್ಯ ಎನ್ನುವವನು ಶೇಕಡಾ 5 ತೆಗೆದುಕೊಂಡು ಸುಮ್ಮನಾಗುತ್ತಾನೆ. ವಂಶಾವಳಿ ಮುಖ್ಯ ಎನ್ನುವವನು ತಟ್ಟೆ ಕಟ್ಟಿ ಅಂಚೆಗೆ ಹಾಕುತ್ತಾನೆ. ಕೂಪನ್ ಪಡೆಯುವವನ ವಿಷಯ ಬೇರೆ, ಅವನು ನಿಜವಾದ ಸಂಗ್ರಾಹಕ.

ಭೌತಿಕ ಸಂಗೀತದ ಮಾರಾಟದ ಮೇಲೆ ಈ ಪ್ರಕರಣದಿಂದ ಪೆಟ್ಟು ಬಿದ್ದಂತೆ ಅಂಕಿಅಂಶಗಳಲ್ಲಿ ಕಾಣುವುದಿಲ್ಲ. 2023ರ ವಿನೈಲ್ ಲೆಕ್ಕ 2022ಕ್ಕಿಂತ ಮೇಲೇ ಇತ್ತು. ‘ಥ್ರಿಲ್ಲರ್’ ಕೂಡ ಬಿಡುಗಡೆಯಾಯಿತು. ಬದಲಾದದ್ದು ಕೊಳ್ಳುವವನ ಪ್ರಶ್ನೆ. ಬ್ಲೂ ನೋಟ್ 2019ರಿಂದ ತರುತ್ತಿರುವ ‘ಟೋನ್ ಪೊಯೆಟ್’ ಮಾಲಿಕೆಯಲ್ಲಿ ಮೂಲ ಟೇಪಿನಿಂದ ಅನಲಾಗ್ ಮಾರ್ಗದಲ್ಲೇ ಕೊರೆಯುವುದು, ಕೊರೆಯುವ ಕೆವಿನ್ ಗ್ರೇ ಮತ್ತು ಮೇಲ್ವಿಚಾರಣೆ ನೋಡುವ ಜೋ ಹಾರ್ಲೆ ಅವರ ಹೆಸರುಗಳು ಮೊದಲೇ ಪ್ರಚಾರದಲ್ಲಿದ್ದವು. ಪ್ರಕರಣದ ನಂತರ ಜನ ಆ ವಿವರವನ್ನು ಸಂಗೀತಗಾರನ ಹೆಸರಿಗಿಂತ ಮೊದಲು ಹುಡುಕತೊಡಗಿದರು. ಅದರ ಬೆಲೆ ಒನ್-ಸ್ಟೆಪ್‌ನ ಮೂರನೇ ಒಂದು ಭಾಗಕ್ಕೂ ಕಡಿಮೆ ಎಂಬುದನ್ನು ಅನೇಕರು ಆಗಲೇ ಗಮನಿಸಿದ್ದು.

ಮೊಬೈಲ್ ಫಿಡೆಲಿಟಿ ತನ್ನ ತಟ್ಟೆಗಳ ವಿವರದಲ್ಲಿ ಈಗ ಒಂದು ಸಾಲು ಸೇರಿಸುತ್ತದೆ. ಕಾಲು ಇಂಚಿನ ಟೇಪು, ಸೆಕೆಂಡಿಗೆ 15 ಇಂಚು ವೇಗದ ಅನಲಾಗ್ ಮಾಸ್ಟರ್, ಅಲ್ಲಿಂದ ಡಿ.ಎಸ್.ಡಿ. 256, ಅಲ್ಲಿಂದ ಅನಲಾಗ್ ಕನ್ಸೋಲ್, ಅಲ್ಲಿಂದ ಕೊರೆಯುವ ಯಂತ್ರ. ಹನ್ನೊಂದು ವರ್ಷ ಹೊದಿಕೆಯ ಮೇಲೆ ಜಾಗ ಸಿಗದಿದ್ದ ಮಾಹಿತಿ ಇಷ್ಟು ಚಿಕ್ಕದು. ಹೊದಿಕೆಯ ನೆತ್ತಿಯ ಮೇಲಿನ ಪಟ್ಟಿ ಮಾತ್ರ ಮೊದಲಿನ ಜಾಗದಲ್ಲೇ ಇದೆ.